ಜರಾ ಸರೀರಿ

ಶಹಾಬಾದಿನ ಮಾಣಿಕಮ್ಮ ಟೀಚರು ನಿವೃತ್ತರಾದರೂ ಪಾಠ ಬಿಟ್ಟವರಲ್ಲ. ಈಗ ಮಾಸ್ತರರಿಗೇ ಪಾಠ ಹೇಳುತ್ತಾರೆ, ಮೊಬೈಲಿನಲ್ಲಿ. ಭಿನ್ನರಾಶಿ ಕಲಿಸುವುದು ಹೇಗೆಂದು ಸೇಡಂ, ಚಿತ್ತಾಪುರದ ಯಾವ ಶಿಕ್ಷಕರೇ ಕೇಳಲಿ, ಮರುದಿನವೇ ವಿಡಿಯೊ ತಯಾರು. ಜೋಳದ ರೊಟ್ಟಿ ಮುರಿದು ಅರ್ಧ, ಕಾಲುಭಾಗ ತೋರಿಸುತ್ತಾರೆ. ಕಡೆಗೆ ಆ ಪಾಠವನ್ನೇ ಪುಂಡಿಪಲ್ಯೆ ಹಚ್ಚಿಕೊಂಡು ತಿಂದುಬಿಡುತ್ತಾರೆ. ಮೊಬೈಲಿಗೆ ಕಿವಿ ಮಂದವೆಂದು ಅವರ ನಂಬಿಕೆ. ಅವರು ಎತ್ತುವ ದನಿಗೆ ಪಕ್ಕದೂರು ಭಂಕೂರದವರಿಗೆ ವಿಡಿಯೊದ ಗರಜೇ ಇಲ್ಲ, ಅಲ್ಲಿಂದಲೇ ಕೇಳುತ್ತದೆ. ಅಂಗಳದ ಕಲ್ಲುಬೆಂಚಿನ ಒಂದು ತುದಿಗೆ ಸರಿದು, ಪಕ್ಕದ ಖಾಲಿ ಜಾಗ ತಟ್ಟಿ, "ಬರ್ರಿ, ಕುಂದ್ರಿ" ಎಂದೇ ಶುರು ಮಾಡುವುದು. "ನಡುವ ಕುಂದ್ರಿ ಅತ್ತಿ, ಬರೇ ಕಲ್ಲೇ ಕಾಣಾಕತ್ತದ," ಎಂದು ವಿಡಿಯೊ ತೆಗೆಯುವ ಸೊಸೆ ಸುಜಾತಾ ಸಿಡುಕುತ್ತಾಳೆ. "ಕಾಣ್ಲಿ ಬಿಡು, ನಮ್ಮೂರ ಹೆಸರಾದ ಕಲ್ಲು ಅಲ್ಲೇನು?" ಎಂದು ಟೀಚರು ತುದಿ ಬಿಟ್ಟು ಕದಲುವುದಿಲ್ಲ. ಅವರಿಗೆ ಅದು ಬೆಂಚಲ್ಲ, ವಾಡಿ ಕಡೆಯ ಪ್ಯಾಸೆಂಜರ್ ರೈಲಿನ ಸೀಟು. ನೌಕರಿಯ ಮೊದಲ ವಾರ, ಮಕ್ಕಳಿಗೆ ಲೆಕ್ಕ ತಿಳಿಸಲಾಗದೆ ರೈಲಿನ ಬಾಗಿಲಲ್ಲಿ ಅಳುತ್ತ ನಿಂತಿದ್ದರು ಮಾಣಿಕಮ್ಮ. ಹಿರಿಯ ಟೀಚರು ಜಯಮಾಲಾ ಸೀಟಿನಲ್ಲಿದ್ದ ಉಳಿದ ಟೀಚರುಗಳಿಗೆ "ಜರಾ ಸರೀರಿ" ಎಂದು ಗದರಿ ಜಾಗ ಮಾಡಿಸಿ, ಮಾಣಿಕಮ್ಮನನ್ನು ಪಕ್ಕದಲ್ಲಿ ಕೂರಿಸಿಕೊಂಡು, ಬುತ್ತಿ ಬಿಚ್ಚಿ ರೊಟ್ಟಿ ಮುರಿದು ತೋರಿಸಿದ್ದರು. ಆ ರೈಲಿನ ಗೆಳತಿಯರಲ್ಲಿ ಈಗ ಯಾರೂ ಉಳಿದಿಲ್ಲ. ಮೊನ್ನೆ ಚಿಂಚೋಳಿ ಕಡೆಯ ಒಬ್ಬರೇ ಶಿಕ್ಷಕರಿರುವ ಶಾಲೆಗೆ ಹೊಸದಾಗಿ ಬಂದ ಹುಡುಗಿಯೊಬ್ಬಳು ವಿಡಿಯೊದ ಕೆಳಗೆ ಬರೆದಿದ್ದಳು: "ಕುಂತೀನ್ರಿ ಟೀಚರ್." ಮಾಣಿಕಮ್ಮ ಅದನ್ನೋದಿ, ಬೆಂಚಿನ ಮೇಲೆ ಇನ್ನೊಂದಿಷ್ಟು ಸರಿದು ಕುಳಿತರು.