ಡಿಂಪ್ನಾ ಒಣಗಿಸಿದ ಕಾಯಿಗಳು

ಅಕ್ಟೋಬರ್ ಬಂತೆಂದರೆ ಡಿಂಪ್ನಾಳ ಮುಖ ನೋಡಲಾಗುವುದಿಲ್ಲ. ಇಪ್ಪತ್ತಮೂರರ ಹುಡುಗಿ ಅರವತ್ತರವಳ ಹಾಗೆ ಸೊಂಟ ಹಿಡಿದುಕೊಂಡು ನಡೆಯುತ್ತಾಳೆ. ಟಲ್ಲಿಯವರ ಬೇಕರಿಯಲ್ಲಿ ಅವಳದು ಒಲೆಯ ಕೆಲಸ. ನಮ್ಮ ಸ್ಲೈಗೋ ಸೀಮೆಯವರೆಲ್ಲ ತಿಂಗಳ ಕೊನೆಯ ಹ್ಯಾಲೋವೀನ್ ಹಬ್ಬಕ್ಕೆ ತಿನ್ನುವ ಒಣದ್ರಾಕ್ಷಿ ರೊಟ್ಟಿಯನ್ನು ತಿಂಗಳಿಡೀ ಬೇಯಿಸಿ ಬೇಯಿಸಿ ಅವಳೇ ಅರ್ಧ ಬೆಂದಿರುತ್ತಾಳೆ.

ಅದು ಸಾಲದೆಂದು ಅವಳ ಕೈಯಲ್ಲಿ ಮಾಟವಿದೆ ಎಂದು ನಾವು ಸ್ನೇಹಿತರು ಸುದ್ದಿ ಹಬ್ಬಿಸಿದ್ದೆವು. ಹ್ಯಾಲೋವೀನ್ ಸಂಜೆ ಬೆಂಕಿಗೂಡಿನ ಕಂಬಿಯ ಮೇಲೆ ಗಟ್ಟಿ ಚಿಪ್ಪಿನ ಎರಡು ಹೇಜಲ್ ಕಾಯಿ ಇಡುತ್ತೇವೆ. ಹುಡುಗಿ ತನ್ನದನ್ನು, ಹುಡುಗ ತನ್ನದನ್ನು. ಎರಡೂ ಪಕ್ಕಪಕ್ಕದಲ್ಲಿ ಸದ್ದಿಲ್ಲದೆ ಉರಿದರೆ ಮದುವೆ. ಒಂದು ಚಟ್ಟೆಂದು ಸಿಡಿದು ಹಾರಿದರೆ ಅಲ್ಲಿಗೆ ಕಥೆ ಮುಗಿಯಿತು. ಡಿಂಪ್ನಾ ಕೊಟ್ಟ ಕಾಯಿ ಒಂದು ಸಲವೂ ಹಾರಿರಲಿಲ್ಲ. ನಾಲ್ಕು ವರ್ಷಕ್ಕೆ ಮೂರು ಮದುವೆ. ಮೂರನೆಯದು ನನ್ನದು, ಡೆಕ್ಲನ್ ಜೊತೆ.

ಈ ವರ್ಷ ರೊಟ್ಟಿ ಕಟ್ಟಿಕೊಡಲು ಜನ ಸಾಲದೆ ಬೇಕರಿಯವರು ನನ್ನನ್ನೂ ಕರೆದಿದ್ದರು. ಹಬ್ಬಕ್ಕೆ ಮೂರು ದಿನ ಇರುವಾಗ ನಮ್ಮ ಗೆಳತಿ ಫಿಡೆಲ್ಮಾ ಹಿಂಬಾಗಿಲಿನಿಂದ ಒಳಗೆ ಬಂದಳು.

"ಡಿಂಪ್ನಾ, ಈ ಸಲ ನನಗೂ ಕೋಲ್ಮನ್‌ಗೂ ಕಾಯಿ ಕೊಡೇ. ನಿನ್ನ ಕೈಯಿಂದಾನೇ ಆಗ್ಬೇಕು."

ಕೋಲ್ಮನ್ ಬೇಕರಿಯ ವ್ಯಾನು ಓಡಿಸುವವನು. ದಿನಾ ಐದಕ್ಕೆ ಬಂದು, ಹಿಟ್ಟಿನ ಮೂಟೆಯ ಮೇಲೆ ಕೂತು, ಡಿಂಪ್ನಾ ಜೊತೆ ಚಹಾ ಕುಡಿಯುತ್ತಾನೆ. ಎರಡು ವರ್ಷದಿಂದ ಅವಳು ಬದುಕಿರುವುದೇ ಆ ಹತ್ತು ನಿಮಿಷಕ್ಕೆ. ಅದು ಗೊತ್ತಿದ್ದವಳು ನಾನೊಬ್ಬಳೇ.

"ಆಯ್ತು," ಅಂದಳು ಡಿಂಪ್ನಾ, ತಲೆ ಎತ್ತದೆ.

ಫಿಡೆಲ್ಮಾ ಹೋದ ಮೇಲೆ ಅವಳು ಎರಡು ಕಾಯಿ ತೆಗೆದು, ತಟ್ಟೆಯಲ್ಲಿಟ್ಟು, ಒಲೆಯ ನೆತ್ತಿಯ ಮೇಲೆ ಸರಿಸಿದಳು.

"ಅದೇನೇ ಅದು?"

"ಹಸಿ ಕಾಯಿ ಸಿಡಿಯುತ್ತೆ. ಒಣಗಿದ್ದು ಸುಮ್ನೆ ಉರಿಯುತ್ತೆ. ಇಷ್ಟೇ ಕಣೇ ನನ್ನ ಮಾಟ."

ನನಗೆ ಮೈಯೆಲ್ಲ ಉರಿದುಹೋಯಿತು. "ಹಾಗಾದ್ರೆ ನನ್ನ ಮದುವೆ?"

"ನಿಂದು ಎರಡು ದಿನ ಜಾಸ್ತಿ ಒಣಗಿಸಿದ್ದೆ. ಡೆಕ್ಲನ್‌ನ ಹಣೆಬರಹ ನೋಡಿದ್ರೆ ನನಗೇ ಭಯ ಆಗಿತ್ತು."

ನಗು ಬಂತು, ತಡೆದುಕೊಂಡೆ. "ಕೋಲ್ಮನ್‌ನನ್ನೂ ನಿನ್ನ ಕೈಯಾರೆ ಒಣಗಿಸಿ ಅವಳಿಗೆ ಕೊಡ್ತೀಯಾ? ಬಾಯಿ ಇಲ್ವಾ ನಿನಗೆ?"

"ಅವಳು ಬಾಯಿ ಬಿಟ್ಟು ಕೇಳಿದ್ಲು, ನಾನು ಕೇಳ್ಲಿಲ್ಲ. ಸಾಕಾಗಿದೆ ಕಣೇ ನನಗೆ. ನಿಂತು ನಿಂತು ಕಾಲು ಬಾತುಹೋಗಿದೆ. ಅವನು ಯಾರನ್ನಾದ್ರೂ ಕಟ್ಕೊಳ್ಲಿ, ನನಗೆ ಒಂದು ದಿನ ನಿದ್ದೆ ಸಿಕ್ಕಿದ್ರೆ ಸಾಕು."

ಸುಳ್ಳು. ಆ ತಟ್ಟೆಯನ್ನು ಅವಳು ಎಷ್ಟು ಜೋಪಾನವಾಗಿ ತಿರುಗಿಸುತ್ತಿದ್ದಳೆಂದರೆ ನೋಡಲಾರದೆ ನಾನು ಹೊರಗೆ ಹೋದೆ.

ಹ್ಯಾಲೋವೀನ್ ದಿನ ಎಲ್ಲರೂ ನಮ್ಮ ಮನೆಗೇ ಬಂದರು. ಕಿಟಕಿಯಲ್ಲಿ ಡೆಕ್ಲನ್ ಕೊರೆದಿಟ್ಟ ಟರ್ನಿಪ್ ಗೆಡ್ಡೆಯ ದೀಪ ಗಬ್ಬು ನಾರುತ್ತಿತ್ತು. ಡಿಂಪ್ನಾ ಕೆಲಸದಿಂದ ನೇರವಾಗಿ, ಹಿಟ್ಟು ಮೆತ್ತಿದ ಕೂದಲಲ್ಲೇ ಬಂದಳು. ಫಿಡೆಲ್ಮಾಳಿಗೊಂದು ಕಾಯಿ, ಕೋಲ್ಮನ್‌ಗೊಂದು ಕಾಯಿ ಕೊಟ್ಟು, ಮೂಲೆಯ ಕುರ್ಚಿಯಲ್ಲಿ ಕುಸಿದು, ಶೂ ಕಳಚಿ, ಕಣ್ಣು ಮುಚ್ಚಿಬಿಟ್ಟಳು. ಎರಡು ನಿಮಿಷಕ್ಕೆ ತಲೆ ವಾಲಿತು.

ಫಿಡೆಲ್ಮಾ ತನ್ನ ಕಾಯಿ ಇಟ್ಟಳು. ಕೋಲ್ಮನ್ ಜೇಬಿಗೆ ಕೈ ಹಾಕಿ ತನ್ನದನ್ನು ತೆಗೆದು ಪಕ್ಕಕ್ಕಿಟ್ಟ. ನಾನು ಬೆಂಕಿ ನೋಡಲಿಲ್ಲ, ಡಿಂಪ್ನಾಳನ್ನೇ ನೋಡುತ್ತಿದ್ದೆ. ಬೇಡ ಎಂದು ಕೂಗಬೇಕೆನ್ನಿಸಿತು.

ಚಟ್ಟ್!

ಕೋಲ್ಮನ್‌ನ ಕಾಯಿ ಹಾರಿ ಡೆಕ್ಲನ್‌ನ ಚಹಾದ ಲೋಟಕ್ಕೆ ಬಿತ್ತು. ಎಲ್ಲರೂ ಹೋ ಎಂದರು. ಫಿಡೆಲ್ಮಾಳ ಮುಖ ಸಪ್ಪಗಾಯಿತು.

"ಡಿಂಪ್ನಾ ಕೊಟ್ಟ ಕಾಯಿ ಹೇಗೆ ಹಾರುತ್ತೆ?" ಅಂದಳು.

"ಅದು ಅವಳು ಕೊಟ್ಟಿದ್ದಲ್ಲ," ಅಂದ ಕೋಲ್ಮನ್. ಕಿವಿ ಕೆಂಪಾಗಿತ್ತು. ಇನ್ನೊಂದು ಜೇಬಿನಿಂದ ಒಣಗಿದ ಕಾಯಿಯನ್ನು ತೆಗೆದು ತೋರಿಸಿದ. "ಇದು ಅವಳದ್ದು. ನಾನಿಟ್ಟಿದ್ದು ರಾತ್ರಿಯೆಲ್ಲ ನೀರಲ್ಲಿ ನೆನೆಸಿದ್ದು. ಒಲೆ ಮೇಲೆ ಅವಳು ಕಾಯಿ ಒಣಗಿಸೋದನ್ನ ಹೋದ ವರ್ಷಾನೇ ನೋಡಿದ್ದೆ. ನಿನಗೆ ಬೇಜಾರು ಮಾಡ್ಬೇಕು ಅಂತಲ್ಲ, ಫಿಡೆಲ್ಮಾ. ಕಾಯಿ ಸುಮ್ನೆ ಉರಿದುಬಿಟ್ರೆ ನೀವೆಲ್ಲ ಸೇರಿ ನಾಳೆಗೇ ಪಾದ್ರಿಯನ್ನ ಕರೀತೀರಿ. ನಾನು ಡಿಂಪ್ನಾಳನ್ನ ಮದುವೆಗೆ ಕೇಳ್ಬೇಕು ಅಂತಿದ್ದೀನಿ. ದಿನಾ ಐದು ಗಂಟೆಗೆ ಹೋಗ್ತೀನಿ. ಅಷ್ಟು ಸುಸ್ತಾಗಿರ್ತಾಳೆ, ಇನ್ನೊಂದು ಭಾರ ಯಾಕೆ ಹಾಕ್ಲಿ ಅಂತ ಚಹಾ ಕುಡ್ದು ಬರ್ತೀನಿ."

ಎಲ್ಲರೂ ಮೂಲೆಯ ಕಡೆ ತಿರುಗಿದರು. ಡಿಂಪ್ನಾ ಕಣ್ಣು ಮುಚ್ಚಿಕೊಂಡೇ ಇದ್ದಳು.

"ಒಳ್ಳೇ ಹೊತ್ತಿಗೆ ಮಲಗಿದ್ದಾಳೆ ನೋಡಿ, ಪುಣ್ಯಾತ್ಗಿತ್ತಿ!" ಅಂದ ಡೆಕ್ಲನ್.

ಫಿಡೆಲ್ಮಾ ಮೂಗೊರೆಸಿಕೊಂಡು ಎದ್ದು ಕೋಲ್ಮನ್‌ನ ಬೆನ್ನಿಗೆ ಗುದ್ದಿದಳು. "ಮೊದಲೇ ಬೊಗಳೋಕೆ ಏನಾಗಿತ್ತು ನಿನಗೆ? ಹೋಗು, ಎಬ್ಬಿಸು."

"ಬೇಡ. ಮಲಗ್ಲಿ, ಪಾಪ. ಎದ್ದಾಗ ಹೇಳ್ತೀನಿ," ಎಂದು ಕೋಲ್ಮನ್ ಅವಳ ಕುರ್ಚಿಯ ಪಕ್ಕ ನೆಲದ ಮೇಲೆ ಕೂತ.

ಡಿಂಪ್ನಾಳ ಮುಚ್ಚಿದ ರೆಪ್ಪೆಯಿಂದ ನೀರು ಇಳಿಯಿತು.

"ನಿದ್ದೆ ಬಂದಿರ್ಲಿಲ್ಲ," ಅಂದಳು. "ಅದು ಉರಿಯೋದನ್ನ ನೋಡೋಕಾಗ್ತಿರ್ಲಿಲ್ಲ, ಅದಕ್ಕೆ ಕಣ್ಣು ಮುಚ್ಚಿದ್ದೆ. ಇನ್ನೊಂದ್ಸಲ ಹೇಳೋ, ಕೋಲ್ಮನ್. ಕಣ್ಣು ಬಿಟ್ಕೊಂಡು ಕೇಳ್ತೀನಿ."