ಹಗೇವಿನೊಳಗಿಂದ ಒಂದು ಮಾತು

ನಾನು ಚಿಕ್ಕವಳಿದ್ದಾಗ ಒಂದು ಮಧ್ಯಾಹ್ನ ನೆಲದೊಳಗೆ ಸಿಕ್ಕಿಹಾಕಿಕೊಂಡಿದ್ದೆ. ಎಷ್ಟೋ ವರ್ಷಗಳಿಂದ ಮನಸ್ಸಿಗೆ ಬಾರದಿದ್ದ ಆ ಮಧ್ಯಾಹ್ನ ಮತ್ತೆ ನೆನಪಾದದ್ದು ಹೋದ ತಿಂಗಳು, ಜಪಾನಿನಲ್ಲಿ. ಅಲ್ಲಿ ಗ್ಯೋಟೋಕು ಎಂಬ ಊರಿನಲ್ಲಿ ನನ್ನ ಮಗಳ ಮನೆ, ಒಂಬತ್ತನೇ ಮಹಡಿಯಲ್ಲಿದೆ. ಟೈಫೂನ್ ಬಿರುಗಾಳಿ ಬರುತ್ತದೆಂದು ಎರಡು ದಿನ ಕಿಟಕಿ ಬಾಗಿಲು ಎಲ್ಲ ಬಂದ್. ರೈಲು ನಿಂತಿತ್ತು. ಕೆಳಗಿನ ಕೊಂಬಿನಿ ಅಂಗಡಿಯಲ್ಲಿ ಅನ್ನದ ಉಂಡೆ ಇಡುವ ಸಾಲು ಪೂರ್ತಿ ಖಾಲಿಯಾಗಿತ್ತು. ಎಂದೂ ಖಾಲಿಯಾಗದ ಸಾಲು ಅದು. ಎಂಟು ವರ್ಷದ ಮೊಮ್ಮಗಳಿಗೆ ಗಾಳಿಗಿಂತ ಅದಕ್ಕೇ ಹೆಚ್ಚು ಭಯವಾಯಿತು.

"ಅಜ್ಜಿ, ಕೊಂಬಿನಿಗೆ ರೈಸ್ ಎಲ್ಲಿಂದ ಬರುತ್ತೆ?" ಎಂದು ಕೇಳಿದಳು.

ಹೊಲದಿಂದ ಎಂದೆ. ಅವಳು ಅಷ್ಟಕ್ಕೆ ಬಿಡುವವಳಲ್ಲ. ಬಾಗಿಲು ತೆಗೆಯುವ ಹಾಗಿಲ್ಲ, ಹೊರಗೆ ಹೋಗುವ ಹಾಗಿಲ್ಲ. ಹಾಗಾಗಿ ಅವಳನ್ನು ಪಕ್ಕದಲ್ಲಿ ಕೂರಿಸಿಕೊಂಡು ಇದನ್ನು ಹೇಳಿದೆ.

ನಮ್ಮದು ಎರೆಮಣ್ಣಿನ ಸೀಮೆ. ಊಟವೆಂದರೆ ಜೋಳದ ರೊಟ್ಟಿ, ಮೂರು ಹೊತ್ತೂ ಅದೇ. ಅಪ್ಪ ಬಿತ್ತುತ್ತಿದ್ದ, ಅಮ್ಮ ಕಳೆ ಕೀಳುತ್ತಿದ್ದಳು. ತೆನೆ ಹಾಲುಗಟ್ಟಿದ ಮೇಲೆ ಅಕ್ಕ ಮತ್ತು ನಾನು ಗಂಟಲು ಹರಿಯುವ ಹಾಗೆ ಕೂಗಿ ಹಕ್ಕಿ ಓಡಿಸುತ್ತಿದ್ದೆವು. ಆಮೇಲೆ ತೆನೆಯನ್ನು ಕಣದಲ್ಲಿ ಎತ್ತುಗಳಿಂದ ತುಳಿಸಿ, ಗಾಳಿಗೆ ತೂರಿದರೆ ಮುತ್ತಿನಂಥ ಕಾಳು ರಾಶಿಯಾಗಿ ಬೀಳುತ್ತಿತ್ತು. ಅದನ್ನು ಕೂಡಿಡುವುದು ಹಗೇವಿನಲ್ಲಿ. ಹಗೇವು ಅಂದರೆ ಅಂಗಳದಲ್ಲಿ ತೋಡಿದ ಆಳವಾದ ಗುಂಡಿ. ಗಡಿಗೆಯ ಹಾಗೆ ಬಾಯಿ ಸಣ್ಣದು, ಹೊಟ್ಟೆ ದೊಡ್ಡದು. ಕಾಳು ತುಂಬಿ, ಬಾಯಿಗೆ ಕಲ್ಲು ಮುಚ್ಚಿ ಮಣ್ಣು ಮೆತ್ತಿದರೆ ಇಡೀ ವರ್ಷದ ಊಟ ಅದರೊಳಗೆ.

ರಾಶಿಗೊಂದು ನೇಮವಿತ್ತು. ಕಾಳು ಅಳೆಯಲು ಶುರುಮಾಡಿದಾಗಿನಿಂದ ಹಗೇವಿನ ಬಾಯಿ ಮುಚ್ಚುವವರೆಗೆ ಯಾರೂ ತುಟಿ ಬಿಚ್ಚಬಾರದು. ಎಣಿಸುವ ಅಪ್ಪ ಒಬ್ಬನದೇ ದನಿ. ಅವನೂ ಒಂದು ಅನ್ನುತ್ತಿರಲಿಲ್ಲ, 'ಲಾಭ' ಎಂದು ಶುರುಮಾಡಿ ಎರಡು, ಮೂರು ಎನ್ನುತ್ತಿದ್ದ. 'ಸಾಕು' ಎಂಬ ಮಾತಂತೂ ಅಪ್ಪಿತಪ್ಪಿಯೂ ಬರಬಾರದು. ಭೂಮಿತಾಯಿ ಕೊಡುತ್ತಿರುವಾಗ ಸಾಕು ಅಂದರೆ ಅವಳು ಕೈ ಹಿಂದಕ್ಕೆಳೆದುಕೊಳ್ಳುತ್ತಾಳೆ ಎಂದು ಅಮ್ಮ ಹೇಳುತ್ತಿದ್ದಳು. ನಾನೋ ಹರಟೆಮಲ್ಲಿ. ಹಿಂದಿನ ವರ್ಷ ರಾಶಿ ಹೊತ್ತಿನಲ್ಲಿ ನೀರು ಬೇಕೆಂದು ಕೇಳಿ ಬಾಯಿಯ ಮೇಲೆ ಏಟು ತಿಂದಿದ್ದೆ.

ಆ ದಿನ ಬೆಳಿಗ್ಗೆ ಹಗೇವಿನ ತಳಕ್ಕೆ ಹುಲ್ಲು ಹಾಸಲು ಅಕ್ಕನನ್ನೂ ನನ್ನನ್ನೂ ಹಗ್ಗ ಕಟ್ಟಿ ಇಳಿಸಿದ್ದರು. ಕೆಲಸ ಮುಗಿದ ಮೇಲೆ ಮೇಲಕ್ಕೆಳೆದರು. ಹೊರಗೆ ಬಿಸಿಲು ಬೆಂಕಿಯಂತೆ ಸುಡುತ್ತಿತ್ತು. ಒಳಗೆ ತಂಪು, ಹೊಸ ಹುಲ್ಲಿನ ಸಿಹಿ ವಾಸನೆ. ಅಪ್ಪ ಮತ್ತು ಆಳುಗಳು ಗಾಡಿ ತರಲು ಕಣಕ್ಕೆ ಹೋದಾಗ ನಾನು ಯಾರಿಗೂ ಹೇಳದೆ ಅದೇ ಹಗ್ಗ ಹಿಡಿದು ಒಳಗೆ ಜಾರಿದೆ. ಮಲಗಿದ್ದೊಂದೇ ಗೊತ್ತು, ಗಡದ್ದು ನಿದ್ದೆ.

ಎಚ್ಚರವಾದದ್ದು ಮೈಮೇಲೆ ಕಾಳು ಸುರಿದಾಗ. ಹಗ್ಗ ಇರಲಿಲ್ಲ, ಯಾರೋ ಎಳೆದುಕೊಂಡಿದ್ದರು. ಮೇಲಿನಿಂದ ಅಪ್ಪನ ದನಿ ಕೇಳಿಸಿತು, "ಲಾಭಾ..." ಚೀಲ ಹಗೇವಿನ ಬಾಯಿಗೆ ಅಡ್ಡ ಬಂದಾಗ ಪೂರಾ ಕತ್ತಲು, ಅದು ಸರಿದಾಗ ತಟ್ಟೆಯಷ್ಟು ಆಕಾಶ. ಮತ್ತೆ ಕತ್ತಲು. ನಾನು ಗೋಡೆಗೆ ಒತ್ತಿ ನಿಂತೆ. ಧೂಳು ಮೂಗಿಗೆ, ಗಂಟಲಿಗೆ ಇಳಿಯಿತು. ಕೂಗಬೇಕೆಂದು ಬಾಯಿ ತೆರೆದೆ, ಕೂಗಲಿಲ್ಲ. ಮಾತಾಡಿದರೆ ರಾಶಿ ಕೆಡುತ್ತದೆ, ವರ್ಷವಿಡೀ ಅಪ್ಪ, ಅಮ್ಮ, ಅಕ್ಕ ಉಪವಾಸ, ಅದೂ ನನ್ನಿಂದ. ಹಾಗಂತ ಖಂಡಿತವಾಗಿ ನಂಬಿದ್ದೆ. ಮೊಣಕಾಲು ಹೂತವು. ಎಳೆದುಕೊಳ್ಳಲು ನೋಡಿದೆ, ಆಗಲಿಲ್ಲ. ಎರಡು ಕೈಯಿಂದ ಬಾಯಿ ಮುಚ್ಚಿಕೊಂಡು ಅತ್ತೆ. ಅಷ್ಟು ಹೆದರಿಕೆ ನನಗೆ ಮತ್ತೆಂದೂ ಆಗಿಲ್ಲ.

ಮೇಲೆ ಅಕ್ಕ ನನ್ನನ್ನು ಹುಡುಕುತ್ತಿದ್ದಳಂತೆ. ಅವಳೂ ಕೂಗುವ ಹಾಗಿಲ್ಲ, ಕೇಳುವ ಹಾಗಿಲ್ಲ. ಹಿತ್ತಲು, ಕೊಟ್ಟಿಗೆ ಎಲ್ಲ ಸುಮ್ಮನೆ ಸುತ್ತಿದ್ದಳು.

ಕಾಳು ಸೊಂಟಕ್ಕೆ ಬಂತು. ಮುಂದಿನ ಚೀಲ ಬಾಯಿಗೆ ಬಂದು ಕತ್ತಲಾಯಿತು. ಆಗ ಬಂದ ಮಾತು ಯಾವುದೆಂದು ನೋಡಿ. ಅಪ್ಪಾ ಎತ್ತು ಎನ್ನಬಹುದಿತ್ತು, ಅಮ್ಮಾ ಎನ್ನಬಹುದಿತ್ತು.

"ಸಾಕು," ಎಂದೆ. "ಸಾಕಪ್ಪಾ."

ಎಣಿಕೆ ನಿಂತಿತು. ಚೀಲ ಸರಿಯಿತು. ಆಕಾಶದ ತಟ್ಟೆಯಲ್ಲಿ ಅಪ್ಪನ ಮುಖ ಕಂಡಿತು. ಅವನು ಹಗ್ಗಕ್ಕೂ ಕಾಯದೆ ಒಳಗೆ ಹಾರಿದ. ಎರಡೂ ಕೈಯಿಂದ ಕಾಳು ತೋಡಿ, ನನ್ನನ್ನು ಹೆಗಲಿಗೇರಿಸಿ ಮೇಲಕ್ಕೆ ಕೊಟ್ಟ. ಆಮೇಲೆ ಹಗ್ಗ ಹಿಡಿದು ಮೇಲೆ ಬಂದು ಅಂಗಳದಲ್ಲಿ ಕುಸಿದು ಕೂತ.

"ಮೊದಲಽ ಯಾಕ ಒದರಲಿಲ್ಲವ್ವ?" ಎಂದು ಕೇಳಿದ.

ರಾಶಿ ಕೆಡತೈತಿ ಅಂತ ಸುಮ್ಮನಿದ್ದೆ ಎಂದೆ. ಅಪ್ಪ ತಲೆಯ ಮೇಲಿನ ರುಮಾಲು ತೆಗೆದು ಮುಖ ಮುಚ್ಚಿಕೊಂಡ. ಅದರೊಳಗಿಂದಲೇ ಹೇಳಿದ, "ಉಣ್ಣಾಕ ನೀವಽ ಇಲ್ಲಂದ್ರ ಈ ಜ್ವಾಳಾ ತಗೊಂಡು ಏನು ಮಾಡ್ಲಿ?"

ಆ ವರ್ಷ ನಾವೇನೂ ಉಪವಾಸ ಬೀಳಲಿಲ್ಲ. ಆದರೆ ಅಂದಿನಿಂದ ನಮ್ಮ ಮನೆಗೆ ಹೊಸ ನೇಮವೊಂದು ಬಂತು. ಪ್ರತಿ ವರ್ಷ ಮೊದಲ ಚೀಲ ಬಿಚ್ಚುವ ಮುನ್ನ ಅಪ್ಪ ಹಗೇವಿನೊಳಗೆ ಬಗ್ಗಿ ನಮ್ಮಿಬ್ಬರ ಹೆಸರು ಹಿಡಿದು ಕೂಗುತ್ತಿದ್ದ. ಅವನ ಬೆನ್ನ ಹಿಂದೆ ನಿಂತ ನಾವಿಬ್ಬರೂ ಓ ಎಂದ ಮೇಲೆಯೇ ಕಾಳು ಸುರಿಯುತ್ತಿದ್ದ.

ಕಥೆ ಮುಗಿದಾಗಲೂ ಹೊರಗೆ ಗಾಳಿ ಬೀಸುತ್ತಿತ್ತು. ಮೊಮ್ಮಗಳು ಅಡಿಗೆಮನೆಗೆ ಹೋಗಿ ಅಕ್ಕಿಯ ಚೀಲವನ್ನು ದರದರ ಎಳೆದು ತಂದಳು. ಜಪಾನಿನಲ್ಲಿ ಕೆಲವು ಚೀಲಗಳ ಮೇಲೆ ಆ ಅಕ್ಕಿ ಬೆಳೆದ ರೈತರ ಫೋಟೋ ಹಾಕುತ್ತಾರೆ. ಬಿಳಿ ಟೋಪಿಯ ಮುದುಕರೊಬ್ಬರು ನಗುತ್ತಿದ್ದರು. ಈ ಅಜ್ಜನೂ ಈಗ ಬಾಗಿಲು ಹಾಕಿಕೊಂಡು ಕೂತಿರಬಹುದೇ ಎಂದು ಕೇಳಿದಳು. ಹೌದು, ಮೈ ಒಳಗಿದ್ದರೂ ಜೀವವೆಲ್ಲ ಹೊರಗೆ ಗದ್ದೆಯಲ್ಲಿರುತ್ತದೆ, ಕೊಯ್ಲಿನ ಹೊತ್ತು ಇದು ಎಂದೆ.

ಇದನ್ನು ಓದುತ್ತಿರುವ ಮಕ್ಕಳೇ, ನಿಮ್ಮ ಕಾಲದಲ್ಲಿ ಹಗೇವಿಲ್ಲ, ಕಣವಿಲ್ಲ, ಹಕ್ಕಿ ಓಡಿಸುವ ಕೆಲಸವೂ ಇಲ್ಲ. ಅರ್ಧ ಬಟ್ಟಲು ಅನ್ನ ಬಿಟ್ಟು ಸಾಕು ಎಂದು ಏಳುವುದು ನಿಮಗೆ ನೀರು ಕುಡಿದಷ್ಟು ಸುಲಭ. ಬೈಯುವುದಿಲ್ಲ, ಬಡಿಸುವ ಮೊದಲೇ ಸಾಕು ಅನ್ನಿ ಅಷ್ಟೆ.

ಮೂರನೆಯ ದಿನ ಬಿಸಿಲು ಬಂತು. ಅಕ್ಕಿಯನ್ನು ಡಬ್ಬಿಗೆ ಸುರಿದುಬಿಡು ಎಂದು ಮೊಮ್ಮಗಳಿಗೆ ಹೇಳಿ ನಾನು ಬಟ್ಟೆ ಒಣಹಾಕಲು ಬಾಲ್ಕನಿಗೆ ಹೋದೆ. ಸುರಿಯುವ ಸದ್ದು ಬರಲೇ ಇಲ್ಲ. ತಿರುಗಿ ನೋಡಿದರೆ ಅವಳು ಖಾಲಿ ಡಬ್ಬಿಯೊಳಗೆ ಬಗ್ಗಿ "ಅಜ್ಜೀ" ಎಂದು ಕೂಗಿ, ಚೀಲ ಹಿಡಿದು ಕಾಯುತ್ತಿದ್ದಳು.

ಓ ಎಂದೆ. ಆಮೇಲೆ ಸುರಿದಳು.