ಕೋಳಿಯ ಕಿವಿ, ಅವ್ವನ ಕಿವಿ

ಅವ್ವನಿಗೆ ತತ್ತಿ ಎಂದರೆ ಹೇಸಿಗೆ. ತೊಂಬತ್ತರ ದಶಕದ ಕೊನೆಗೆ ನಾನು ಪುಣೆಯ ಒಂದು ಪ್ರಯೋಗಶಾಲೆ ಸೇರಿ, ತತ್ತಿಯೊಳಗಿನ ಕೋಳಿಮರಿಗೆ ಕಿವಿ ಹೇಗೆ ಮೂಡುತ್ತದೆಂದು ನೋಡತೊಡಗಿದ್ದೆ. ಸಂಜೆ ಮನೆಗೆ ಬಂದರೆ ಸೀದಾ ಬಚ್ಚಲಿಗೆ ಅಟ್ಟುತ್ತಿದ್ದಳು. ಮೈಮೇಲೆ ನೀರು ಬೀಳುವವರೆಗೆ ಅಡುಗೆಮನೆಯ ಹೊಸ್ತಿಲು ದಾಟುವಂತಿರಲಿಲ್ಲ.

ಅದಕ್ಕೂ ಕೆಲವು ವರ್ಷ ಮೊದಲು ಅಪ್ಪ ತೀರಿಕೊಂಡಾಗ, ಪುಣೆಯ ಕ್ಯಾಂಪ್ ಪೇಟೆಯಲ್ಲಿದ್ದ ನಮ್ಮ ಕುಪ್ಪಸದ ಖಣ-ಸೀರೆಯ ಅಂಗಡಿ ಇನ್ನು ಮುಳುಗಿತು ಎಂದೇ ನೆಂಟರು ಮಾತಾಡಿಕೊಂಡಿದ್ದರು. ಅಣ್ಣ ಆಗಿನ್ನೂ ಕಾಲೇಜು ಮುಗಿಸಿರಲಿಲ್ಲ. ಅದುವರೆಗೆ ಅಂಗಡಿಗೆ ಬುತ್ತಿ ಕಟ್ಟಿ ಕಳಿಸುವುದಷ್ಟೇ ತಿಳಿದಿದ್ದ ಅವ್ವ, ತಿಥಿ ಮುಗಿದದ್ದೇ ಹೋಗಿ ಗಲ್ಲಾದ ಮೇಲೆ ಕೂತಳು. ವರ್ಷ ತುಂಬುವುದರೊಳಗೆ ಮರಾಠಿಯಲ್ಲೇ ಗಿರಾಕಿಗಳ ಕಾಲೆಳೆಯುವಷ್ಟು ಪಳಗಿದಳು.

ಕಡಲೆ ಇದ್ದಾಗ ಹಲ್ಲಿಲ್ಲ ಅನ್ನುತ್ತಾರಲ್ಲ, ಹಾಗೇ ಆಯಿತು. ಅಂಗಡಿ ಕೈಹತ್ತಿದ ಹೊತ್ತಿಗೆ ಅವಳಿಗೊಂದು ಕೆಟ್ಟ ಜ್ವರ ಬಂತು. ಇಂಜೆಕ್ಷನ್ನು ಜೀವ ಉಳಿಸಿತು, ಕಿವಿ ಕಿತ್ತುಕೊಂಡಿತು. ಜೀವ ಉಳಿಯಿತಲ್ಲ ಎಂದರು ಡಾಕ್ಟರು. ಉಳಿದ ಜೀವ ಏನು ಮಾಡಬೇಕೆಂದು ಹೇಳಲಿಲ್ಲ.

ಮಗಳ ನಿಶ್ಚಿತಾರ್ಥಕ್ಕೆ ಕೊಳ್ಳಲು ಬಂದ ಹೆಂಗಸೊಬ್ಬಳು "ಲಾಲ್ ಖಣ್ ದಾಖವಾ" ಎಂದು ಕೆಂಪು ಖಣ ಕೇಳಿದಳು. ಅವ್ವನಿಗೆ ಕೇಳಿಸಿದ್ದು "ಕಾಳಾ". ಕರೀ ಖಣಗಳನ್ನೆಲ್ಲ ತೆಗೆದು ಅವಳ ಮುಂದೆ ಹರವಿದಳು. ಶುಭಕಾರ್ಯಕ್ಕೆ ಅಪಶಕುನ ಮಾಡಿದಳೆಂದು ಆಕೆ ಅಂಗಡಿ ತುಂಬ ಕೂಗಾಡಿದಳು. ಅಣ್ಣನಿಗೆ ಅಷ್ಟೇ ಬೇಕಾಗಿತ್ತು.

"ಅವ್ವಾ, ನೀ ಇನ್ನ ಮನ್ಯಾಗ ಆರಾಮ ಇರು," ಎಂದ. ಮರುದಿನ ಗಲ್ಲಾದ ಮೇಲೆ ಅವನಿದ್ದ. ಆರಾಮ ಎನ್ನುವಷ್ಟು ಹೊಲಸು ಮಾತು ನಾನು ಬೇರೆ ಕೇಳಿಲ್ಲ.

ಒಂದು ಮಧ್ಯಾಹ್ನ ಅವ್ವ ಮೊರದಲ್ಲಿ ಕಡಲೆ ಹಸನು ಮಾಡುತ್ತ ಕೂತಿದ್ದಳು. ನಾನು ಅವಳ ಕಿವಿಗೆ ಬಾಯಿಟ್ಟು, ಕಾಳು ತೋರಿಸುತ್ತ, ನನ್ನ ಕೆಲಸ ತಿಳಿಸಿ ಹೇಳಿದೆ. ಕಿವಿಯೊಳಗೆ ಮೊದಲು ಈ ಕಾಳುಗಳ ಹಾಗೆ ಜೀವಕೋಶಗಳೆಲ್ಲ ಒಂದೇ ಥರ. ಯಾವುದು ಏನಾಗಬೇಕೆಂದು ಗೊತ್ತಾಗಿರುವುದಿಲ್ಲ. ಅವುಗಳಲ್ಲೊಂದು, ಕೇಳುವ ಕೆಲಸ ನನ್ನದು ಎಂದು ಮುಂದಾಗುತ್ತದೆ. ತನಗೆ ಅಂಟಿಕೊಂಡ ನೆರೆಯವಕ್ಕೆ, ನೀವು ಬೇಡ ಎಂದು ಸಂಜ್ಞೆ ಕೊಡುತ್ತದೆ. ಅವು ಆಸರೆಯಾಗಿ ನಿಂತುಬಿಡುತ್ತವೆ. ಕೋಳಿಯಲ್ಲಿ ಕೇಳುವ ಕೋಶ ಸತ್ತರೆ, ಆಸರೆಗೆ ನಿಂತದ್ದೇ ಬದಲಾಗಿ ಆ ಜಾಗಕ್ಕೆ ಬರುತ್ತದೆ, ಕೋಳಿಗೆ ಮತ್ತೆ ಕೇಳಿಸುತ್ತದೆ. ಮನುಷ್ಯರಲ್ಲಿ ಹಾಗಾಗುವುದಿಲ್ಲ.

ಅವ್ವ ಕಾಳು ಬಿಟ್ಟು ನನ್ನ ಮುಖ ನೋಡಿದಳು. "ನಿಮ್ಮಪ್ಪ ಹೋದಾಗ ನಾ ಹೋಗಿ ಗಲ್ಲಾದ ಮ್ಯಾಲ ಕೂಡಲಿಲ್ಲೇನು? ನನ್ನ ಕಿವ್ಯಾಗಿನವಕ್ಕ ಅಷ್ಟೂ ತಿಳೀಲಿಲ್ಲೇನು?"

ನನಗೆ ಸಿಟ್ಟು ಬಂತು. ತಿಪ್ಪೆ ಕೆದರುವ ಕೋಳಿಗೆ ಕೊಟ್ಟದ್ದನ್ನು ನನ್ನ ಅವ್ವನಿಗೆ ಕೊಡಲು ದೇವರಿಗೆ ಕೈ ಬರಲಿಲ್ಲ.

ಕೆಲವು ವಾರಗಳ ನಂತರ ಒಂದು ದಿನ ಬೇಗ ಮನೆಗೆ ಬಂದೆ. ಅವ್ವ ಹಿಂದಿನ ಬಾಲ್ಕನಿಯಲ್ಲಿ ನನಗೆ ಬೆನ್ನು ಮಾಡಿ ಕೂತಿದ್ದಳು. ಬಾಗಿಲು ತೆರೆದ ಸದ್ದು ಅವಳಿಗೆ ಕೇಳಿಸಲಿಲ್ಲ. ಒಂದು ಕೈಯಿಂದ ಮೂಗು ಹಿಡಿದುಕೊಂಡು, ಇನ್ನೊಂದರಲ್ಲಿದ್ದ ಬೇಯಿಸಿದ ತತ್ತಿಯನ್ನು ನುಂಗಲು ಒದ್ದಾಡುತ್ತಿದ್ದಳು. ಪಕ್ಕದ ಮನೆಯವಳಿಂದ ಬೇಯಿಸಿಕೊಂಡು ತಂದಿದ್ದಳು. ಕೋಳಿಯ ಗುಣ ತತ್ತಿಯಿಂದ ತನಗೂ ಇಳಿದೀತು ಎಂದುಕೊಂಡಿದ್ದಳು. ನನ್ನನ್ನು ಕಂಡು ಸೆರಗಿನಿಂದ ಬಾಯಿ ಒರೆಸಿಕೊಂಡಳು. ಕಣ್ಣಲ್ಲಿ ನೀರಿತ್ತು.

"ದಿನಾ ಒಂದು ತಿನ್ಲಿಕತ್ತೀನಿ," ಎಂದಳು. "ಇನ್ನೂ ಎಷ್ಟ ದಿನ ತಿನ್ನಬೇಕವ್ವಾ? ದೀಪಾವಳಿಗೆ ಅಂಗಡಿಗೆ ಹೋಗೋಹಂಗ ಆದೀತಲ್ಲ?"

"ತಿಂದ್ರ ಕಿವಿ ಬರೂದಿಲ್ಲವ್ವಾ," ಎಂದೆ. ಅದನ್ನೂ ಕಿರುಚಿಯೇ ಹೇಳಬೇಕಾಯಿತು. ಎದುರುಮನೆಯವರು ಕಿಟಕಿ ತೆರೆದು ನೋಡಿದರು.

ಅವ್ವ ಕಿವಿಗೆ ಕೈ ಹಿಡಿದು ನನ್ನ ಕಡೆ ಬಾಗಿದಳು. "ಏನಂದಿ? ಇನ್ನೊಮ್ಮೆ ಹೇಳು."